ಅವ್ವನ ರಟ್ಟೆಗೆ ಇಪ್ಪತ್ತೊಂದು ದಿನ

ಏಳನೆಯ ತರಗತಿಯವರೆಗೂ ನಾನು ದಿಂಬಿಗೆ ತಲೆ ಕೊಟ್ಟವಳಲ್ಲ. ಮನೆಯಲ್ಲಿ ದಿಂಬು ಇರಲಿಲ್ಲ ಅಂತಲ್ಲ. ಹಳೆಯ ಸೀರೆ ತುರುಕಿದ ಎರಡು ದಿಂಬು ಇದ್ದವು, ಬೀಗರು ಬಂದಾಗ ಮಾತ್ರ ಹೊರಗೆ ಬರುತ್ತಿದ್ದವು. ನನಗೆ ಅವ್ವನ ಎಡ ರಟ್ಟೆಯೇ ಆಗಬೇಕು. ಅದೇನು ಮೆತ್ತಗಿನ ರಟ್ಟೆಯಲ್ಲ. ತಲೆ ಇಟ್ಟ ಕೂಡಲೇ ಕಿವಿ ನೋಯುತ್ತಿತ್ತು, ಆಮೇಲೆ ಹೇಗೋ ಒಂದು ಹದಕ್ಕೆ ಬಂದು ನಿದ್ದೆ ಹತ್ತುತ್ತಿತ್ತು. ನಡುವೆ ಅವ್ವ ಮಗ್ಗುಲು ಬದಲಿಸಿದರೆ ನಾನು ರಗಳೆ ತೆಗೆಯುತ್ತಿದ್ದೆ. ನನ್ನ ರಗಳೆಗೆ ಹೆದರಿಯೇ ಅವಳು ಎಷ್ಟೋ ವರ್ಷ ಒಂದೇ ಮಗ್ಗುಲಲ್ಲಿ ಮಲಗಿದಳು.

ಬೇವೂರಿನ ಆಚೆ ನಮ್ಮದು ಮಳೆ ನಂಬಿದ ಊರು. ಹೊಲ ಕಡಿಮೆ, ಕೂಲಿ ಹೆಚ್ಚು. ಕಾಲುವೆಗೆ ನೀರು ಬಿಟ್ಟರೆಂದು ಸುದ್ದಿ ಬಂದ ಕೂಡಲೇ ನಮ್ಮ ಓಣಿಯ ಹೆಂಗಸರು ಬುತ್ತಿ ಕಟ್ಟಿಕೊಂಡು ಭತ್ತದ ಸಸಿ ಹಚ್ಚಲು ಶ್ರೀರಾಮನಗರದ ಕಡೆ ಹೋಗುತ್ತಿದ್ದರು. ನಾನು ಒಬ್ಬಳೇ ಮಗಳು, ಬಿಟ್ಟು ಹೋಗುವ ಹಾಗಿರಲಿಲ್ಲ. ಜಾರುವ ಬದುವಿನ ಮೇಲೆ ತಲೆಯ ಮೇಲೊಂದು ಸಸಿಯ ಹೊರೆ, ಎಡಗೈಯಲ್ಲಿ ನಾನು. ಬಲಗೈ ಖಾಲಿ ಇದ್ದರೆ ಅವ್ವನಿಗೆ ಏನೋ ಕಳೆದುಕೊಂಡಂತೆ ಆಗುತ್ತಿತ್ತು, ಅದಕ್ಕೊಂದು ನೀರಿನ ಕೊಡ. ಗದ್ದೆಯ ಒಡತಿ ತೆಲುಗು ಬೆರೆಸಿದ ಕನ್ನಡದಲ್ಲಿ, ನೀನು ಏನು ತಿನ್ನುತ್ತೀಯಮ್ಮ ಎಂದು ಕೇಳಿದ್ದಳಂತೆ. ಅವ್ವ ಸೊಂಟದ ಮೇಲೆ ಕೈಯಿಟ್ಟು ಹೇಳಿದ್ದು, "ಅಕ್ಕಿ ತಿನ್ನಾವ ಹಕ್ಕಿಯಂಗ, ಜ್ವಾಳಾ ತಿನ್ನಾವ ತ್ವಾಳದಂಗ ರೀ."

ಆ ಒಡತಿ ನಕ್ಕು ಎಲ್ಲರಿಗೂ ಬಿಸಿ ಅನ್ನ ಬಡಿಸಿದಳು. ಅವ್ವ ಅನ್ನ ಉಂಡು, ಸಾರು ಕುಡಿದು, ಆಮೇಲೆ ಬುತ್ತಿ ಬಿಚ್ಚಿ ಒಣಗಿದ ಎರಡು ಕಟಕ ರೊಟ್ಟಿಯನ್ನೂ ಶೇಂಗಾಚಟ್ನಿ ಹಚ್ಚಿಕೊಂಡು ತಿಂದಳು. ಅನ್ನ ಅಂದರೆ ಅವಳಿಗೆ ಊಟದ ಮುಂಚಿನ ಕೆಲಸ. ಅವಳ ಆ ಊಟ ನೆನೆದರೆ ನನಗೆ ಈಗಲೂ ಬಾಯಲ್ಲಿ ನೀರು ಬರುತ್ತದೆ, ಜೊತೆಗೆ ನನ್ನ ಮೇಲೇ ಸಿಟ್ಟು ಬರುತ್ತದೆ. ಯಾಕೆ ಎಂದು ಹೇಳಲೇಬೇಕು.

ಅವ್ವ ನನ್ನನ್ನು ಓದಿಸಿದಳು, ನಾನು ಅಂಗನವಾಡಿ ಟೀಚರ್ ಆದೆ. ಅಪ್ಪ ತೀರಿದ ಮೇಲೆ ಬಹಳ ಬೇಡಿಕೊಂಡು ಅವಳನ್ನು ನಮ್ಮ ಮನೆಗೆ ಕರೆತಂದೆ. ಬೇಡಿಕೊಂಡು ಯಾಕೆಂದರೆ ಅಳಿಯನ ಮನೆಯಲ್ಲಿ ಇರುವುದು ಅವಳಿಗೆ ಹಿಡಿಸದ ಮಾತು. ಬಂದ ಮರುದಿನವೇ ನಮ್ಮ ಅಂಗಳ ಅಗೆದು ಮೆಂತ್ಯ ಹಾಕಿದಳು, ಉಣ್ಣುವ ಅನ್ನದ ಋಣ ಅಂದಳು. ಅರವತ್ತು ದಾಟಿದ್ದರೂ ದಿನಕ್ಕೆ ಇಪ್ಪತ್ತು ರೊಟ್ಟಿ ಬಡಿದರೆ ಕೈ ನೋಯುತ್ತದೆ ಎಂದವಳಲ್ಲ.

ಹೀಗಿರುವಾಗ ಅವಳ ದೊಡ್ಡ ಕರುಳಿನಲ್ಲಿ ಒಂದು ಗಂಟು ಸಿಕ್ಕಿತು. ಕೊಪ್ಪಳದಲ್ಲಿ ಸ್ಕ್ಯಾನಿಂಗ್, ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ತುಣುಕು ತೆಗೆದು ಪರೀಕ್ಷೆ, ರಿಪೋರ್ಟಿಗೆ ಕಾಯುವುದು, ಮತ್ತೊಂದು ಸ್ಕ್ಯಾನಿಂಗ್. ಹೀಗೆ ಎರಡು ತಿಂಗಳು ಓಡಾಡಿದೆವು. ಕ್ಯಾನ್ಸರ್ ಎಂದು ಕಾಗದದಲ್ಲಿ ಇತ್ತು, ಮನೆಯಲ್ಲಿ ನಾವು ಗಂಟು ಎನ್ನುತ್ತಿದ್ದೆವು. ಬೇರೆ ಕಡೆ ಹರಡಿಲ್ಲ, ಆಪರೇಶನ್ ಮಾಡಿ ತೆಗೆದರೆ ಉಳಿಯುತ್ತಾಳೆ ಎಂದು ಡಾಕ್ಟರು ಹೇಳಿದ್ದರು. ಆ ಒಂದು ಮಾತನ್ನು ಹಿಡಿದುಕೊಂಡು ನಾನು ಬಸ್ಸು ಹತ್ತಿ ಇಳಿಯುತ್ತಿದ್ದೆ.

ಗಂಟು ಸಿಕ್ಕಿತೆಂದು ಕೇಳಿದ ಮೊದಲ ವಾರವೇ ಕನಕಗಿರಿಯಿಂದ ಚಿಗವ್ವ, ಅಂದರೆ ಅವ್ವನ ತಂಗಿ, ಓಡಿ ಬಂದಳು. ಬಂದವಳು ಮೊದಲು ಅತ್ತಳು, ಆಮೇಲೆ ಅಡುಗೆಮನೆಗೆ ನುಗ್ಗಿದಳು.

"ತತ್ತಿ ನಂಜು, ಶೇಂಗಾ ನಂಜು, ಬದ್ನಿಕಾಯಿ ನಂಜು, ಬ್ಯಾಳಿ ವಾಯು," ಅಂದಳು. "ನಂಜಿಂದು ತಿಂದು ಹೊಟ್ಟಿ ಕೊಯ್ಸಿಕೊಂಡ್ರ ಗಾಯಾ ಕೀವು ಹಿಡೀತೈತಿ. ಆಪರೇಶನ್ ಆಗೂ ಮಟಾ ಪಥ್ಯ ಇರಲಿ. ರೊಟ್ಟಿನೂ ಬ್ಯಾಡ, ಕರುಳಿಗೆ ಬಿರಸು. ಗಂಜಿ ಒಂದು ಕೊಡು, ಹಾಸಿಗಿ ಬಿಟ್ಟು ಏಳಗೊಡಬ್ಯಾಡ."

ಚಿಗವ್ವ ಹೇಳಿದ್ದು ಅಷ್ಟೇ. ಮಾಡಿದವಳು ನಾನು. ನನ್ನ ಸ್ವಭಾವವೇ ಹಾಗೆ, ಒಂದು ಹೇಳಿದರೆ ಎರಡು ಮಾಡುವುದು. ಮುಂಜಾನೆ ರವೆ ಗಂಜಿ, ಮಧ್ಯಾಹ್ನ ಅಕ್ಕಿ ಗಂಜಿ, ಸಂಜೆ ಸಾಬೂದಾನಿ ಗಂಜಿ, ನಡುವೆ ಎಳನೀರು, ಚಹಾದಲ್ಲಿ ಅದ್ದಿದ ಬಿಸ್ಕೀಟು. ನಾನು ಬಾಣಂತಿಯಾಗಿದ್ದಾಗ ಅವ್ವ ನನ್ನನ್ನು ಪಥ್ಯದಲ್ಲಿ ಹೇಗೆ ಹಿಡಿದಿಟ್ಟಿದ್ದಳೋ ಹಾಗೆಯೇ ಅವಳನ್ನು ಹಿಡಿದಿಟ್ಟೆ. ಪೊರಕೆ ಮುಟ್ಟಿದರೆ ಕಸಿದುಕೊಂಡೆ, ಅಂಗಳಕ್ಕೆ ಇಳಿದರೆ ಬೈದೆ. ಅವಳು ಒಂದು ದಿನವೂ ತಿರುಗಿ ಮಾತಾಡಲಿಲ್ಲ. ಗಂಜಿಯ ಬಟ್ಟಲು ಕೊಟ್ಟರೆ ಬೆರಳು ಹಾಕಿ ತಳ ಒರೆಸಿ ನೆಕ್ಕಿ ಕೊಡುತ್ತಿದ್ದಳು. ನನ್ನ ಮಾತು ಎಷ್ಟು ಕೇಳುತ್ತಾಳೆ ನೋಡು ಎಂದು ನನಗೆ ಒಳಗೊಳಗೆ ಹೆಮ್ಮೆ.

ಅದೇ ಹೊತ್ತಿನಲ್ಲಿ ಹಗಲೆಲ್ಲ ಅಂಗನವಾಡಿಯಲ್ಲಿ ನಾನು ಏನು ಮಾಡುತ್ತಿದ್ದೆ? ಮಕ್ಕಳಿಗೆ ತತ್ತಿ ತಿನ್ನಿಸದ ತಾಯಂದಿರ ಮೇಲೆ ಹರಿಹಾಯುತ್ತಿದ್ದೆ. ಬೇಳೆಯ ಗಟ್ಟಿ ಕೊಡು, ಬರೀ ತಿಳಿ ಕೊಟ್ಟರೆ ಮಗು ಎದ್ದೀತೇ ಎನ್ನುತ್ತಿದ್ದೆ. ಕೆಂಪು, ಹಳದಿ, ಹಸಿರು ಬಣ್ಣದ ಪಟ್ಟಿಯನ್ನು ಮಕ್ಕಳ ತೋಳಿಗೆ ಸುತ್ತಿ ಯಾರು ಸೊರಗಿದ್ದಾರೆಂದು ಅಳೆಯುತ್ತಿದ್ದೆ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಗುಂಡಿಯಲ್ಲಿ ಬಿದ್ದ ಹಾಗೆ ಎಂದು ಚಿಕ್ಕಂದಿನಿಂದ ಕೇಳಿದ್ದೆ, ಆ ಹಲ್ಲಿ ನಾನೇ ಎಂದು ಗೊತ್ತಿರಲಿಲ್ಲ.

ಅಷ್ಟೇ ಅಲ್ಲ. ಪ್ರತಿ ಶನಿವಾರ ಅವ್ವನನ್ನು ಅಂಗನವಾಡಿಗೆ ಕರೆದೊಯ್ದು, ಬಸುರಿಯರನ್ನು ತೂಗುವ ಮಷಿನ್ ಮೇಲೆ ನಿಲ್ಲಿಸುತ್ತಿದ್ದೆ. ತೂಕ ಕಡಿಮೆಯಾಗಿರಲಿಲ್ಲ, ಒಂದು ವಾರ ತುಸು ಏರಿಯೂ ಇತ್ತು. ಓಣಿಯವರು, "ನಿಮ್ಮವ್ವನ ಮಾರಿ ದುಂಡಗಾಗೇತಿ ನೋಡ್ರಿ ಟೀಚರ್, ಪಥ್ಯ ಹತ್ತೇತಿ," ಅಂದರು. ನಾನು ನಂಬಿದೆ.

ಆಪರೇಶನ್ ದಿನ ಗೊತ್ತು ಮಾಡಲು ಹುಬ್ಬಳ್ಳಿಗೆ ಹೋದೆವು. ಡಾಕ್ಟರಿಗಿಂತ ಮೊದಲು ಒಬ್ಬ ಹುಡುಗಿಯ ಹತ್ತಿರ ಕಳಿಸಿದರು. ರೋಗಿಗಳು ಏನು ಉಣ್ಣಬೇಕೆಂದು ನೋಡುವ ಕೆಲಸ ಅವಳದು. ನನ್ನ ಮಗಳ ವಯಸ್ಸು ಇದ್ದೀತು, ಮಾತು ಮೆತ್ತಗೆ. ಅವ್ವನ ಊಟ ಕೇಳಿದಳು, ನಾನು ಗಂಜಿಯ ಹೆಸರೆಲ್ಲ ಹೇಳಿದೆ. ತೂಕ ಇಳಿದಿಲ್ಲ ನೋಡ್ರಿ ಎಂದು ಬರೆದುಕೊಂಡು ಹೋಗಿದ್ದ ಚೀಟಿಯನ್ನೂ ತೋರಿಸಿದೆ. ಅವಳು ಚೀಟಿಯನ್ನು ಪಕ್ಕಕ್ಕಿಟ್ಟಳು. ಬಗ್ಗಿ ಅವ್ವನ ಕಣಕಾಲಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದು, ಬಿಟ್ಟಳು. ಕುಳಿ ಬಿದ್ದಿತು, ಬಿದ್ದದ್ದು ಹಾಗೇ ಇತ್ತು.

"ಇದು ನೀರು ಅಕ್ಕಾರ," ಅಂದಳು. "ಮೈಯಾಗ ಸತ್ವ ಕಡಿಮಿ ಆಗಿ ನೀರು ನಿಂತೈತಿ. ಮಷಿನ್ನಿಗೆ ನೀರು ಯಾವುದು, ಮಾಂಸಖಂಡ ಯಾವುದು ತಿಳಿಯೂದಿಲ್ಲ."

ಮಕ್ಕಳ ಪಾದ ಒತ್ತಿ ಬಾವು ನೋಡುವುದನ್ನು ನನಗೆ ತರಬೇತಿಯಲ್ಲಿ ಕಲಿಸಿದ್ದರು. ನಾನು ಎಷ್ಟೋ ತಾಯಂದಿರಿಗೆ ಕಲಿಸಿದ್ದೆ. ಅವ್ವನ ಕಾಲು ಮಾತ್ರ ಒತ್ತಿ ನೋಡಿರಲಿಲ್ಲ.

ಆಮೇಲೆ ಹುಡುಗಿ ಅವ್ವನ ಸೆರಗು ಸರಿಸಿ ಎಡ ರಟ್ಟೆಗೆ ಪಟ್ಟಿ ಸುತ್ತಿದಳು. ಕುಪ್ಪಸದ ತೋಳು ಜೋತು ಬಿದ್ದಿತ್ತು. ಅದರೊಳಗೆ ನನ್ನ ದಿಂಬು ಇರಲಿಲ್ಲ, ಒಂದು ಎಲುಬು, ಅದರ ಸುತ್ತ ಸಡಿಲ ಚರ್ಮ. ಹುಡುಗಿ ತನ್ನ ಎರಡು ಬೆರಳು ಮುಂದೆ ಮಾಡಿ, "ಅಜ್ಜಿ, ಇವನ್ನ ಹಿಡದು ಎಷ್ಟು ಗಟ್ಟಿ ಆಗತೈತಿ ಅಷ್ಟು ಗಟ್ಟಿ ಒತ್ರಿ," ಅಂದಳು.

ಅವ್ವ ಹಿಡಿದಳು. ಹುಡುಗಿ ಕಾಯ್ದಳು.

"ಒತ್ರಿ ಅಜ್ಜಿ."

"ಒತ್ತಾಕತ್ತೀನಲ್ಲ ಯವ್ವ," ಅಂದಳು ಅವ್ವ.

ಡಾಕ್ಟರು ಸುತ್ತಿ ಬಳಸಿ ಮಾತಾಡುವವರಲ್ಲ. ಅವ್ವನನ್ನು ಕುರ್ಚಿಯ ಮೇಲೆ ಕೂರಿಸಿ, ಕೈ ಕಟ್ಟಿಕೊಂಡು ಎದ್ದು ನಿಲ್ಲಲು ಹೇಳಿದರು. ಒಮ್ಮೆ ಎದ್ದಳು, ಎರಡನೆಯ ಸಲಕ್ಕೆ ಕುರ್ಚಿಯ ತೋಳು ಹಿಡಿದಳು. ಅವರು ನನ್ನನ್ನು ಹೊರಗೆ ಕರೆದು ಹೇಳಿದರು, "ಗಂಟು ತೆಗಿಯೂದು ನನ್ನ ಕೆಲಸ, ತೆಗೀತೀನಿ. ಆದರ ಇಷ್ಟು ಸೊರಗಿದ ಮೈ ಆಪರೇಶನ್ ತಡಿಯೂದಿಲ್ಲ. ಕರುಳಿನ ಹೊಲಿಗಿ ಕೂಡೂದಿಲ್ಲ, ಕೆಮ್ಮಾಕೂ ಬಲ ಇರಬೇಕಾಗತೈತಿ. ಮೂರು ವಾರ ಕೊಡ್ತೀನಿ. ಅದಕ್ಕಿಂತ ತಡ ಮಾಡಿದ್ರ ಗಂಟು ಕೇಳೂದಿಲ್ಲ. ಉಣಸ್ರಿ, ನಡಸ್ರಿ, ಕರ್ಕೊಂಡು ಬರ್ರಿ."

ತತ್ತಿ, ಬೇಳೆ ತಿಂದರೆ ನಂಜಾಗುವುದಿಲ್ಲವೇ ಎಂದು ನಾನು ಕೇಳಿದೆ. ಅಷ್ಟಾದ ಮೇಲೂ ಕೇಳಿದೆ. ಅವರು, "ಹಸಿವಿಗಿಂತ ದೊಡ್ಡ ನಂಜು ನಾ ನೋಡಿಲ್ಲ," ಅಂದರು. ವಾಪಸು ಬರುವಾಗ ಬಸ್ಸಿನಲ್ಲಿ ಅವ್ವ ಕಿಟಕಿಗೆ ತಲೆಯಿಟ್ಟು ನಿದ್ದೆ ಮಾಡಿದಳು, ನಾನು ಊರು ಬರುವವರೆಗೂ ಅತ್ತೆ. ಸಿಟ್ಟೆಲ್ಲ ಚಿಗವ್ವನ ಮೇಲೆ ಹಾಕಲು ನೋಡಿದೆ, ಅದು ಅಲ್ಲಿ ನಿಲ್ಲಲಿಲ್ಲ, ತಿರುಗಿ ನನ್ನ ಮೇಲೇ ಬಂತು. ಚಿಗವ್ವ ಓದಿದವಳಲ್ಲ.

ಮರುದಿನ ಮುಂಜಾನೆ ಎರಡು ತತ್ತಿ ಕುದಿಸಿ ಸುಲಿದು ಅವ್ವನ ಮುಂದಿಟ್ಟೆ. ಚಿಗವ್ವ ಬಾಗಿಲಲ್ಲಿ ನಿಂತು ದೇವರನ್ನು ನೆನೆದಳು. "ನಂಜು ಆತಂದ್ರ ನಿನ್ನ ಕೊಳ್ಳಾಗ ಅದು," ಅಂದಳು. ಆಗಲಿ ಅಂದೆ. ಅವ್ವ ತತ್ತಿಯನ್ನು ನೋಡಿದಳು, ನನ್ನ ಮುಖ ನೋಡಿದಳು, ಒಂದು ಮಾತೂ ಕೇಳದೆ ಒಂದೊಂದನ್ನು ಎರಡೆರಡು ತುತ್ತಿಗೆ ನುಂಗಿದಳು.

ಆ ಇಪ್ಪತ್ತೊಂದು ದಿನಗಳನ್ನು ನೆನೆದರೆ ನನಗೆ ಹಿತವಾಗುತ್ತದೆ. ಹೀಗೆ ಹೇಳಿಕೊಳ್ಳಲು ಸಂಕೋಚವೂ ಇದೆ, ಸಾವಿನ ಭಯ ಹೊಸ್ತಿಲಲ್ಲಿ ಕೂತಿದ್ದ ದಿನಗಳು ಅವು. ಆದರೆ ಮದುವೆಯಾದ ಮೇಲೆ ಅವ್ವನ ಜೊತೆ ಅಷ್ಟು ಹೊತ್ತು ನಾನು ಎಂದೂ ಕೂತಿರಲಿಲ್ಲ. ರಜೆ ಹಾಕಿದೆ. ಹುಡುಗಿ ಹೇಳಿದಂತೆ ಒಂದೇ ಸಲ ತುಂಬದೆ ಎರಡೆರಡು ತಾಸಿಗೆ ಏನಾದರೂ ಕೊಟ್ಟೆ. ತತ್ತಿ, ಹಾಲು, ಗಟ್ಟಿ ಮೊಸರು, ಮೆತ್ತಗೆ ಬೇಯಿಸಿದ ಹೆಸರುಬೇಳೆ, ಹಾಲಿನಲ್ಲಿ ನೆನೆಸಿದ ರೊಟ್ಟಿ, ಪುಠಾಣಿ ಕಡಲೆ ಹಿಟ್ಟಿನ ಉಂಡೆ. ಶೇಂಗಾ ನುಣ್ಣಗೆ ಕುಟ್ಟಿ ಬೆಲ್ಲ ಸೇರಿಸಿ ಕೊಟ್ಟ ದಿನ ಅವ್ವ ಕಣ್ಣು ಮುಚ್ಚಿಕೊಂಡು ತಿಂದಳು.

ಉಣಿಸುವುದು ಸುಲಭ, ಕುರ್ಚಿಯದೇ ದೊಡ್ಡ ತಕರಾರು. ಕಾಲಿನ ಬಲಕ್ಕೆ ದಿನಕ್ಕೆ ಮೂರು ಹೊತ್ತು ಕುರ್ಚಿಯಿಂದ ಹತ್ತು ಸಲ ಎದ್ದು ಕೂರಬೇಕು. ಅವ್ವ ಅಳಿಯ ಮನೆಯಲ್ಲಿದ್ದಾಗ ಕುರ್ಚಿ ಹತ್ತುವವಳಲ್ಲ. ಅಳಿಯನ ಎದುರು ಅತ್ತೆ ನೆಲದ ಮೇಲೆ, ತಲೆಯ ಮೇಲೆ ಸೆರಗು, ಅದು ಅವಳ ಕಾನೂನು. ಜೀವದ ಪ್ರಶ್ನೆಬೇ ಇದು ಎಂದರೆ, "ಜೀವಾ ಹೋದ್ರೂ ಮರ್ಯಾದಿ ಇರಬೇಕಲ್ಲ," ಅಂದಳು. ಕೊನೆಗೆ ನಮ್ಮ ಮನೆಯವರೇ ದಾರಿ ಹುಡುಕಿದರು. ಕುರ್ಚಿಯ ಹೊತ್ತಿಗೆ ಸರಿಯಾಗಿ ಹೊರಗಿನ ಕಟ್ಟೆಗೆ ಹೋಗಿ ರಸ್ತೆಯ ಕಡೆ ಮುಖ ಮಾಡಿ ಕೂರುವರು. ಒಳಗೆ ನಾನು ಎಣಿಸುವೆ, ಅವ್ವ ಏಳುವಳು, ಕೂರುವಳು. ಸ್ವಲ್ಪ ತಡವಾದರೆ ಹೊರಗಿನಿಂದ ಅವರ ದನಿ, "ಅತ್ತಿಯವರದು ಮುಗೀತೇನ? ನಾ ಒಳಗ ಬರ್ಲೇನ?" ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಗುವಳು. ನಕ್ಕರೆ ಎಣಿಕೆ ತಪ್ಪುತ್ತಿತ್ತು, ಮತ್ತೆ ಒಂದರಿಂದ.

ಕೈಯ ಬಲಕ್ಕೆ ಎರಡು ಚರಿಗೆ, ಅಂದರೆ ತಂಬಿಗೆ, ನೀರು. ಮೊದಲ ವಾರ ಅರ್ಧ ಚರಿಗೆ, ಎರಡನೆಯ ವಾರ ತುಂಬಿದ ಚರಿಗೆ, ಹಿಡಿದು ಎತ್ತುವುದು, ಇಳಿಸುವುದು. ಕೊಡ ಹೊತ್ತವಳಿಗೆ ಚರಿಗೆ ಕೊಟ್ಟೆಯಾ ಎಂದು ಮುನಿಸಿಕೊಂಡಳು, ಐದನೆಯ ಸಲಕ್ಕೆ ನೀರು ಚೆಲ್ಲಿದಾಗ ಸೆರಗಿನಿಂದ ನೆಲ ಒರೆಸಿ ಮತ್ತೆ ಎತ್ತಿದಳು. ಸಂಜೆ ಬಿಸಿಲು ಇಳಿದ ಮೇಲೆ ಬಸ್ ನಿಲ್ಲುವ ಜಾಗದವರೆಗೆ ನಡಿಗೆ. ನಡೆಯುತ್ತ ಅವ್ವ ಯಾರ ಹೊಲದಲ್ಲಿ ಯಾವ ವರ್ಷ ಏನು ಬೆಳೆದಿತ್ತು, ಯಾರ ಜೊತೆ ಪಣ ಕಟ್ಟಿ ಎಷ್ಟು ಸಾಲು ಶೇಂಗಾ ಕಿತ್ತಿದ್ದಳು ಎಲ್ಲ ಹೇಳುತ್ತಿದ್ದಳು. ದಾರಿಯಲ್ಲಿ ಕಂಡವರು, ಪೇಶಂಟನ್ನ ಹಿಂಗ ಅಡ್ಡಾಡಸ್ತಾರೇನ್ರಿ ಎಂದು ನನಗೆ ಬೈದರು. ಬೈಸಿಕೊಂಡೆ.

ಮೊದಲ ವಾರದ ಕೊನೆಗೆ ನನ್ನ ಜೀವ ಬಾಯಿಗೆ ಬಂದಿತ್ತು. ಚಟ ಹೋಗುತ್ತದೆಯೇ, ಅವ್ವನನ್ನು ತೂಗಿದೆ. ಇಷ್ಟೆಲ್ಲ ಉಣಿಸಿದರೂ ತೂಕ ಇಳಿದಿತ್ತು. ಚಿಗವ್ವ, "ನಾ ಹೇಳಿದ್ದಿಲ್ಲೇನು," ಎಂಬ ಮುಖ ಮಾಡಿದಳು. ಹುಡುಗಿಗೆ ಫೋನ್ ಹಚ್ಚಿದೆ. ಅವಳು ಕಾಲಿನ ಬಾವು ಕೇಳಿದಳು. ಕಡಿಮೆಯಾಗಿದೆ ಅಂದೆ. "ನೀರು ಇಳಿಯಾಕತ್ತೈತಿ ಅಕ್ಕಾರ, ಛಲೋ ಆತು. ಆ ಮಷಿನ್ ಬಿಡ್ರಿ, ಅಜ್ಜಿ ಹೆಂಗ ಏಳತಾರ ಅದನ್ನ ನೋಡ್ರಿ," ಅಂದಳು. ಅಂದಿನಿಂದ ನಾನು ಅವ್ವನನ್ನು ನೋಡಿದೆ. ಹದಿನೈದನೆಯ ದಿನ ಅವಳು ಗೋಡೆ ಮುಟ್ಟದೆ ನೆಲದಿಂದ ಎದ್ದಳು. ತಾನು ಎದ್ದದ್ದು ಅವಳಿಗೆ ಗೊತ್ತೇ ಆಗಲಿಲ್ಲ, ಹಾಲು ಉಕ್ಕುತ್ತಿತ್ತು, ಇಳಿಸಲು ಎದ್ದಿದ್ದಳು. ಚಿಗವ್ವ ನೋಡಿದಳು. ಅದೇ ದಿನದಿಂದ ತತ್ತಿ ಸುಲಿಯುವ ಕೆಲಸ ತಾನೇ ತೆಗೆದುಕೊಂಡಳು, ನಂಜಿನ ಮಾತು ಎತ್ತಲಿಲ್ಲ.

ಇಪ್ಪತ್ತೊಂದು ದಿನ ಮುಗಿಸಿ ಹುಬ್ಬಳ್ಳಿಗೆ ಹೋದಾಗ ಹುಡುಗಿ ಪಟ್ಟಿ ಸುತ್ತಿದಳು. ರಟ್ಟೆ ಹೇಳಿಕೊಳ್ಳುವಷ್ಟು ತುಂಬಿರಲಿಲ್ಲ. ಮೂರು ವಾರದಲ್ಲಿ ಮಾಂಸಖಂಡ ಬೆಳೆಯುವುದಿಲ್ಲ, ಬಲ ಬಂದರೆ ಸಾಕು ಎಂದು ಅವಳು ಮೊದಲೇ ಹೇಳಿದ್ದಳು. ಡಾಕ್ಟರು ಕುರ್ಚಿ ತೋರಿಸಿದರು. ಅವ್ವ ಕೂರಲಿಲ್ಲ. ಡಾಕ್ಟರು ಮತ್ತೆ ಹೇಳಿದರು, ಆಗಲೂ ಕೂರಲಿಲ್ಲ. ಬಲ ಸಾಲದೇನೋ ಎಂದು ಅವಳ ರಟ್ಟೆ ಹಿಡಿಯಲು ಹೋದೆ. ಆಮೇಲೆ ನೋಡಿದರೆ ನಮ್ಮ ಮನೆಯವರು ಬಾಗಿಲಲ್ಲಿ ನಿಂತಿದ್ದಾರೆ. ಅವರನ್ನು ಹೊರಗೆ ಕಳಿಸಿದ ಮೇಲೆ ಅವ್ವ ಕುರ್ಚಿಯಲ್ಲಿ ಕೂತು, ಕೈ ಕಟ್ಟಿ, ಎದ್ದಳು. ಐದು ಸಲ ಸಾಕು ಎಂದಿದ್ದರು. ಅವಳು ಏಳನೆಯ ಸಲಕ್ಕೆ ಬಂದಾಗ ಡಾಕ್ಟರೇ, "ಸಾಕು ಅಜ್ಜಿ, ನಾಡಿದ್ದು ಮಾಡೋಣ," ಅಂದರು.

ಆಪರೇಶನ್ನಿನ ಹಿಂದಿನ ಸಂಜೆ ನರ್ಸ್ ಬಂದು, ಇನ್ನು ಏನೂ ತಿನ್ನುವ ಹಾಗಿಲ್ಲ ಎಂದು ಹೇಳಿ ಹೋದಳು. ಮೂರು ವಾರ ಗಳಿಗೆಗೊಮ್ಮೆ ಉಣಿಸಿ ಈಗ ಅವ್ವನನ್ನು ಉಪವಾಸ ಕೆಡವುವುದು ನನಗೆ ಹಿಡಿಸಲಿಲ್ಲ. ಅವ್ವನ ತಲೆ ಸವರಿ ಅಂದೆ, "ಇವತ್ತೊಂದು ಹೊತ್ತು ತಡ್ಕೋಬೇ."

"ತಡ್ಕೊಳ್ಳೂದು ಏನು ಹೊಸಾದ? ಗಂಜಿ ಕುಡಿಯಾಕತ್ತಾಗ ದಿನಾ ತಡದೀನಿ."

ನನಗೆ ತಿಳಿಯಲಿಲ್ಲ. ಏನಂದಿ ಎಂದೆ.

"ಹೊಟ್ಟಿ ಭಾಳ ಹಸೀತಿತ್ತು ಮಗಳ. ಬಾಜೂ ಮನ್ಯಾಗ ರೊಟ್ಟಿ ಬಡಿಯೂ ಸಪ್ಪಳ ಕೇಳಿದ್ರ ಕಣ್ಣಾಗ ನೀರು ಬರ್ತಿತ್ತು." ಹೇಳಬಾರದ್ದನ್ನು ಹೇಳಿದೆನೇನೋ ಎಂಬಂತೆ ನಕ್ಕಳು.

"ಮತ್ತ ಯಾಕ ಹೇಳಲಿಲ್ಲಬೇ?"

"ನೀ ಊರ ಮಕ್ಕಳಿಗೆಲ್ಲಾ ಉಣಸಾಕಿ. ಯಾರಿಗೆ ಏನು ಕೊಡಬೇಕು ನಿನಗ ಗೊತ್ತಿಲ್ಲೇನು ಅಂದ್ಕೊಂಡೆ. ಹಸಿವಿ ಆಗೂದೂ ಆ ರೋಗದ್ದ ಇರಬೇಕು ಅಂದ್ಕೊಂಡೆ."

ಮರುದಿನ ಆಪರೇಶನ್ ಕೋಣೆಯ ಹೊರಗೆ ಕೂತಿದ್ದಷ್ಟು ಹೊತ್ತೂ ಆ ಮಾತು ನನ್ನನ್ನು ತಿಂದಿತು. ಒಳಗೆ ಅವಳಿಗೆ ಏನಾದರೂ ಆದರೆ ಆ ಎರಡು ತಿಂಗಳ ಹಸಿವನ್ನು ನಾನು ಯಾವ ಜನ್ಮದಲ್ಲಿ ತೀರಿಸಲಿ ಎಂದು ಅತ್ತೆ. ಚಿಗವ್ವ ನನ್ನ ಕೈ ಹಿಡಿದು ಕೂತಿದ್ದಳು, ಅವಳಿಗೂ ಹೇಳಲಿಲ್ಲ. ಮಧ್ಯಾಹ್ನ ಡಾಕ್ಟರು ಹೊರಗೆ ಬಂದು ಗಂಟು ಪೂರಾ ತೆಗೆದಿದ್ದೇವೆ ಅಂದರು. ಹೊಲಿಗೆ ಕೂಡುತ್ತದೋ ಇಲ್ಲವೋ ಮೂರ್ನಾಲ್ಕು ದಿನ ನೋಡಬೇಕು ಎಂದೂ ಅಂದರು. ಆ ದಿನಗಳಲ್ಲಿ ಅವ್ವ ಕೆಮ್ಮಿದಳು, ಎದ್ದು ಕೂತಳು, ಗೋಡೆಯ ತನಕ ನಡೆದಳು. ಏನು ಬೇಕು ಎಂದು ಎಷ್ಟು ಕೇಳಿದರೂ, "ನೀ ಕೊಟ್ಟದ್ದು," ಎಂದಷ್ಟೇ ಹೇಳಿದಳು.

ನಾಲ್ಕನೆಯ ದಿನ ಮುಂಜಾನೆ ನಾನು, ಸದ್ಯಕ್ಕೆ ಇಷ್ಟೇ ಎಂದು ಡಾಕ್ಟರು ಹೇಳಿದ್ದ ತಿಳಿ ಗಂಜಿಯ ಬಟ್ಟಲು ಮುಂದೆ ಹಿಡಿದೆ. ಅವ್ವ ಬಟ್ಟಲನ್ನು ಹಿಂದಕ್ಕೆ ಸರಿಸಿದಳು. ಸುತ್ತ ಆರು ಮಂಚದವರು ತಿರುಗಿ ನೋಡುವ ಹಾಗೆ ಗಟ್ಟಿಯಾಗಿ, "ನನಗ ಹಸಿವಾಗೇತಿ. ಇದು ಸಾಲೂದಿಲ್ಲ. ಡಾಕ್ಟರಿಗೆ ಕೇಳಿ ಬಾ, ಹೋಗು," ಅಂದಳು. ನಾನು ಹುಟ್ಟಿದಾಗಿನಿಂದ ಅವ್ವ ನನ್ನ ಹತ್ತಿರ ತನಗಾಗಿ ಕೇಳಿದ್ದು ಅದೊಂದೇ, ನಾನು ಚಪ್ಪಲಿ ಸಹ ಮೆಟ್ಟದೆ ಓಡಿದೆ.